ಲಾಳಿಗೆ ಹೋದ ಉಸಿರು

ಒಂದು ಮಾತು ಹೇಳಿ ಹೋಗಬಹುದಿತ್ತಲ್ಲ ಎಂಬ ಸಿಟ್ಟು ವಡಗಾವಿಯ ನೇಕಾರ ಗುರುಸಿದ್ದನಿಗೆ ಇಂದಿಗೂ ಇದೆ. ಮದುವೆ ಹಂಗಾಮಿನಲ್ಲಿ, ಮಗ್ಗದ ಮೇಲೆ ಅರ್ಧ ಸೀರೆ ಬಿಟ್ಟು, ಹಣಮಪ್ಪ ತನ್ನೂರು ಪಾರಿಶ್ವಾಡಕ್ಕೆ ಹೊರಟುಹೋದ. ಇಪ್ಪತ್ತಾರು ವರ್ಷ ಗುರುಸಿದ್ದನ ಎರಡು ಮಗ್ಗಗಳಲ್ಲಿ ಒಂದನ್ನು ಕೂಲಿಗೆ ನಡೆಸಿದವನು. ಗುರುಸಿದ್ದ ಓಣಿಗೆಲ್ಲ ಕೇಳುವಂತೆ ಬೈದ, ಮೈಗಳ್ಳ ಎಂದ.

ಎಂಟು ತಿಂಗಳ ಮೇಲೆ ಹಣಮಪ್ಪನ ಹೆಂಡತಿ ಸಾತವ್ವ ಫೋನ್ ಮಾಡಿದಳು. "ಎಂಫಿಸಿಮಾ ಅಂತ ಉಸಿರಿನ ರೋಗ ಅಂದಾರ್ರಿ. ಔಷಧ ಎಳಕೊಳ್ಳೂ ಪಂಪ್ ಕೊಟ್ಟಾರ, ಗುಣಾನ ಇಲ್ಲ. ಒಮ್ಮೆ ದವಾಖಾನಿಗೆ ನೀವ ಕರಕೊಂಡು ಹೋಗ್ರಿ."

ಗುರುಸಿದ್ದ ಗಂಡ ಹೆಂಡತಿ ಇಬ್ಬರನ್ನೂ ಖಾನಾಪುರದ ದವಾಖಾನೆಗೆ ಕರೆದೊಯ್ದ. ಅಲ್ಲಿ ನರ್ಸ್ ಪ್ರಮಿಳಾ, "ಪಂಪ್ ಹೆಂಗ ತಗೋತೀರಿ, ತೋರಸ್ರಿ" ಎಂದಳು. ಹಣಮಪ್ಪ ಅದನ್ನು ಬಾಯಿಗಿಟ್ಟು ಸರಕ್ಕನೆ ಒಂದೇ ಎಳೆತ ಎಳೆದ.

"ಹಿಂಗ್ಯಾಕ ಎಳೀತೀರಿ ಕಾಕಾ? ಔಷಧ ಗಂಟಲಿಗೆ ಬಡಿತೈತಿ, ಒಳಗ ಇಳಿಯೂದಿಲ್ಲ."

ಯಾಕೆಂದು ಗುರುಸಿದ್ದನಿಗೆ ಗೊತ್ತಿತ್ತು. ಮಗ್ಗದ ಲಾಳಿಯ ಕಣ್ಣಿಗೆ, ನೂಲು ಹೊರಬರುವ ಸಣ್ಣ ತೂತಿಗೆ, ಬಾಯಿ ಹಚ್ಚಿ, ಒಂದೇ ಎಳೆತಕ್ಕೆ ನೂಲು ಹೊರಗೆ ಸೆಳೆಯುವ ರೂಢಿ ಅದು. ದಿನಕ್ಕೆ ನೂರಾರು ಸಲ. ಬಣ್ಣ, ಧೂಳಿನ ರುಚಿಗೆ ಗುರುಸಿದ್ದನಿಗೆ ವಾಂತಿ ಬರುತ್ತಿತ್ತು. "ನಿನ್ನ ಲಾಳಿನೂ ಇತ್ತ ತಾ" ಎಂದು ಅವನ್ನೂ ಹಣಮಪ್ಪನೇ ಸೆಳೆದುಕೊಟ್ಟಿದ್ದ, ಇಪ್ಪತ್ತಾರು ವರ್ಷ.

"ಇವ ಸೇದೂ ಬೀಡಿಯಿಂದನ ಆಗೇತಲ್ರೀ ಇದು?" ಎಂದು ಗುರುಸಿದ್ದ ಡಾಕ್ಟರನ್ನು ಕೇಳಿದ. ಹೌದೆನ್ನಲಿ ಎಂಬ ಆಸೆ.

"ಬೀಡಿನೂ ಹೌದು, ನೂಲಿನ ಧೂಳೂ ಹೌದು. ಕೆಟ್ಟ ಪುಪ್ಪುಸ ತಿರುಗಿ ಮೊದಲಿನಂಗ ಆಗೂದಿಲ್ಲ. ಉಳಿದದ್ದನ್ನ ಕಾಯಬೇಕು."

ಪ್ರಮಿಳಾ ಪಂಪಿಗೆ ಉದ್ದನೆಯ ಪ್ಲಾಸ್ಟಿಕ್ ಕೊಳವೆ ಜೋಡಿಸಿದಳು. ಸಾವಕಾಶ ಎಳೆದು, ಹತ್ತು ಎಣಿಸುವ ತನಕ ಉಸಿರು ಹಿಡಿಯಬೇಕು. ಗುರುಸಿದ್ದನೇ ಕೊಳವೆ ಹಿಡಿದ. "ಸಾವಕಾಶ... ಒಂದು, ಎರಡು..."

ಹತ್ತಾದ ಮೇಲೆ ಹಣಮಪ್ಪ ನಕ್ಕ. "ಮಗ್ಗದಾಗ ಜಲ್ದಿ ಜಲ್ದಿ ಅಂತ ಒದರ್ತಿದ್ದಿ. ಈಗ ಸಾವಕಾಶ ಅಂತೀಯಲ್ಲೋ ಮಾರಾಯಾ."

"ಹೇಳದ ಯಾಕ ಹೋದಿ?"

"ಹೇಳಾಕ ಉಸಿರು ಬೇಕಲ್ಲೋ. ನಿನ್ನ ಜೋಡಿ ಜಗಳಾಡಾಕ ಇನ್ನೂ ಹೆಚ್ಚು ಬೇಕು."

ತಪ್ಪಾಯಿತು ಎನ್ನಬೇಕೆಂದುಕೊಂಡ ಗುರುಸಿದ್ದ. ಅದರ ಬದಲು, ಬಸ್ಸಿಗೆ ಹೊತ್ತಾಯಿತೆಂದು ಸಾತವ್ವನ ಮೇಲೆ ಹರಿಹಾಯ್ದ.

ಆಮೇಲೆ ಪ್ರತಿ ಸೋಮವಾರ, ಮಗ್ಗದ ರಜೆಯ ದಿನ, ಪಾರಿಶ್ವಾಡಕ್ಕೆ ಹೋಗಿ ಹತ್ತರ ತನಕ ಎಣಿಸಿ ಬರುತ್ತಿದ್ದ. ಹಣಮಪ್ಪ ಹಿತ್ತಲ ತನಕ ನಡುವೆ ಎಲ್ಲೂ ಕೂತುಕೊಳ್ಳದೆ ನಡೆಯುವಷ್ಟಾದ. ಓಣಿಯ ಮುಂದೆ ಅಂದದ್ದನ್ನು ಓಣಿಯ ಮುಂದೆಯೇ ಹಿಂದಕ್ಕೆ ತಗೋಬೇಕು, ಅವನನ್ನು ಒಮ್ಮೆ ವಡಗಾವಿಗೆ ಕರೆತರಬೇಕು ಎಂದು ಗುರುಸಿದ್ದ ಅಂದುಕೊಳ್ಳುತ್ತಲೇ ಇದ್ದ. ಮುಂದಿನ ಚಳಿಗಾಲದಲ್ಲಿ ಕಫ ಹೆಚ್ಚಾಗಿ ಹಣಮಪ್ಪ ತೀರಿಕೊಂಡ.

ಓಣಿಯವರು ಈಗಲೂ ಕೇಳುತ್ತಾರೆ, ಆ ಮೈಗಳ್ಳ ಏನಾದ ಎಂದು.