ಮುಂದಿನದೊಂದು ಹೊಳ್ಳಿದರೆ

ಮಸಗುಪ್ಪಿಯಲ್ಲಿ ನಮ್ಮ ಬಾಜೂ ಮನೆಯ ಕುರಿಗಾರ ಕಾಕಾ ಏನು ಕೇಳಿದರೂ ಒಂದೇ ಮಾತು ಹೇಳುತ್ತಿದ್ದರು: "ಮುಂದಿನ ಕುರಿಯೊಂದ ಹೊಳ್ಳಿಸು, ಉಳಿದಾವು ತಾವ ಹೊಳ್ಳತಾವು." ಇದನ್ನೇ ನಂಬಿ ಊರವರು ಅವರನ್ನು ಹಾಲಿನ ಸಂಘದ ಅಧ್ಯಕ್ಷರನ್ನಾಗಿ ಮಾಡಿದರು.

ಮೊದಲ ಸಭೆ ಅವರ ಮನೆಯೆದುರಿನ ಕಟ್ಟೆಯ ಮೇಲೆ. ಬೆಳಗಿನ ಹಾಲು ಐದಕ್ಕೆ ಹಾಕಬೇಕೋ ಆರಕ್ಕೋ ಎಂದು ಹನ್ನೆರಡು ಮಂದಿ ಒಟ್ಟಿಗೇ ಜಗಳಕ್ಕೆ ನಿಂತರು. ಕಾಕಾ ಸೀಟಿ ಹೊಡೆದರು. ಯಾರೂ ಇತ್ತ ಹೊಳ್ಳಿ ನೋಡಲಿಲ್ಲ.

"ಇವರೊಳಗ ಮುಂದಿನವ ಯಾರ್ರಿ ಕಾಕಾ?" ಎಂದೆ.

"ಎಲ್ಲಾರೂ ಮುಂದಿನವರ ಅದಾರೋ ತಮ್ಮಾ."

ಅಷ್ಟರಲ್ಲಿ ಅವರ ಹೆಂಡತಿ, ನಮ್ಮ ಕಾಕು, ಬಾಗಿಲಿಗೆ ಬಂದು, "ರೊಟ್ಟಿ ಆರಾಕತ್ತಾವು, ಬರ್ರಿ" ಎಂದರು. ಕಾಕಾ ತಟ್ಟನೆ ಎದ್ದು ನಡೆದರು. ಹಿಂದೆಯೇ ಇಡೀ ಸಂಘ ಸಾಲಾಗಿ ನಡೆಯಿತು.

ಕಾಕು ಹೊಸ್ತಿಲಲ್ಲಿ ನಿಂತು ಎಲ್ಲರನ್ನೂ ಎಣಿಸಿ ಒಳಗೆ ಬಿಟ್ಟರು. ಬಡಿಸುತ್ತ, "ಹಾಲು ಆರಕ್ಕ ಹಾಕ್ರಿ" ಎಂದರು. ಯಾರ ಬಾಯಿಯೂ ಖಾಲಿ ಇರಲಿಲ್ಲ.