ಹಲಗೆಯ ಮೇಲಿನ ಮರುಭೂಮಿ

ಓಹಾಯೋದ ಆ ಪುಟ್ಟ ಊರಿನಲ್ಲಿ ಎಲ್ಡನ್ ಪ್ರೂಯಿಟ್ ಮೇಷ್ಟ್ರು ಕೋಲೂರಿಕೊಂಡು ಬಂದರೆ ಬೋರ್ಡು ಹಾಕಿಕೊಂಡವರೆಲ್ಲ ಎದೆ ಹಿಡಿದುಕೊಳ್ಳುತ್ತಾರೆ. ಇಂಗ್ಲಿಷ್ ಪಾಠದಿಂದ ಅವರು ನಿವೃತ್ತರಾಗಿದ್ದಾರೆ, ಅವರ ನಾಲಿಗೆ ಆಗಿಲ್ಲ. ಒಂದೇ ಥರ ಕೇಳಿಸುವ ಶಬ್ದಗಳು ಅದಲುಬದಲಾದರೆ ಅವರಿಗೆ ಮೈಯೆಲ್ಲ ಉರಿ. ಕ್ಷೌರದಂಗಡಿಯವನು ಕೂದಲಿನ hair ಬರೆಯಲು ಹೋಗಿ ಮೊಲದ hare ಬರೆದಾಗ, "ಮೊಲ ತಂದಿಲ್ಲ ಕಣಯ್ಯಾ, ಬರೀ ತಲೆ ತಂದಿದ್ದೀನಿ, ನಡೆಯುತ್ತಾ?" ಎಂದರು. ಚರ್ಚಿನ ಫಲಕದಲ್ಲಿ ಒಂದಕ್ಷರ ಬದಲಾಗಿ ಪ್ರಾರ್ಥನೆಯ pray ಹೋಗಿ ಬೇಟೆಯ prey ಆದಾಗ, ಬೇಟೆನಾಯಿ ಸಮೇತ ಮುಂದಿನ ಸಾಲಿನಲ್ಲಿ ಕೂತ ಆಸಾಮಿ. ಪಾದ್ರಿಗಳು ಇವತ್ತಿಗೂ ಮಾತು ಬಿಟ್ಟಿದ್ದಾರೆ. ಒಂಟಿ ಮನುಷ್ಯ. ಸುಮ್ಮನೆ ಹೋಗಿ ನಾಲ್ಕು ಮಾತಾಡುವುದು ಅವರ ಜಾಯಮಾನವಲ್ಲ, ಬಯ್ಯಲು ಏನಾದರೂ ಬೇಕು. ಹೋಟೆಲಿನ ಲೊರೇನ್ ಬಾಗಿಲ ಮುಂದಿನ ಕರಿಹಲಗೆಯಲ್ಲಿ ದಿನಕ್ಕೊಂದು ತಪ್ಪು ಬರೆದೇ ಬರೆಯುತ್ತಾಳೆ. ಸಿಹಿತಿಂಡಿಯ dessertನಲ್ಲಿ ಒಂದು s ನುಂಗಿದಳೋ, ಅದು desert, ಮರುಭೂಮಿ. "ಆಪಲ್ ಪೈ ಪಕ್ಕ ಮರುಭೂಮಿ ಮಾರ್ತಿದ್ದೀಯಲ್ಲೇ, ಜೊತೆಗೆ ಒಂಟೇನೂ ಕೊಡ್ತೀಯೋ?" "ನನ್ನ ತಲೆಗೆ ಹತ್ತಲ್ಲ ಮೇಷ್ಟ್ರೇ, ಕೂತ್ಕೊಂಡು ಹೇಳಿಕೊಡಿ," ಎಂದು ಅವಳು ಕಾಫಿ ಬಗ್ಗಿಸುತ್ತಾಳೆ. ಸ್ಪೆಲ್ಲಿಂಗ್ ಸ್ಪರ್ಧೆಯಲ್ಲಿ ಇಡೀ ಜಿಲ್ಲೆಗೇ ಮೊದಲು ಬಂದು ಅವಳು ಗೆದ್ದ ಟ್ರೋಫಿ ಕಾಫಿ ಯಂತ್ರದ ಮೇಲೇ ಇದೆ. ಅವಳನ್ನು ತಯಾರು ಮಾಡಿದ ಮೇಷ್ಟ್ರು ಇವರೇ. ಮೊನ್ನೆ ಅವಳು ಒಳಗೆ ಕೆಲಸದಲ್ಲಿದ್ದಾಗ ಅವಳ ತಂಗಿ ಬರೆದ ಹಲಗೆಯಲ್ಲಿ ಒಂದೂ ತಪ್ಪಿರಲಿಲ್ಲ. ಮೇಷ್ಟ್ರು ಆ ಚಳಿಯಲ್ಲಿ ಬಹಳ ಹೊತ್ತು ನಿಂತರು. ಅತ್ತಿತ್ತ ನೋಡಿ, ಹೆಬ್ಬೆರಳಿಗೆ ಉಗುಳು ಹಚ್ಚಿಕೊಂಡು, ಸಿಹಿತಿಂಡಿಯ ಒಂದಕ್ಷರ ಒರೆಸಿದರು. ಆಮೇಲೆ ಬಾಗಿಲು ದಬ್ಬಿ ಗುಡುಗಿದರು: "ಏನೇ ಲೊರೇನ್, ಮತ್ತೆ ಮರುಭೂಮಿ ಮಾಡಿಟ್ಟಿದ್ದೀಯಾ!"