ಹದಿನೇಳು ಮೆಟ್ಟಿಲು, ಒಂದು ದಿನದ ಬಾಡಿಗೆ

ದಿನಕ್ಕೆ ನಲವತ್ತು ಬಸ್ಸು ತೊಳೆಯುವ ಮನುಷ್ಯನಿಗೆ ತನ್ನ ಮನೆಯ ಹದಿನೇಳು ಮೆಟ್ಟಿಲು ತೊಳೆಯಲು ಮೂರು ವರ್ಷದಿಂದ ಪುರುಸೊತ್ತಾಗಲಿಲ್ಲ ಎಂದರೆ ಯಾರು ನಂಬುತ್ತಾರೆ? ಅವನ ಹೆಂಡತಿಯನ್ನು ಕೇಳಿ, ಅವಳು ನಂಬುತ್ತಾಳೆ. ಆ ಮೆಟ್ಟಿಲ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡವಳು ಅವಳೇ.

ಡಿಪೋದಲ್ಲಿ ಅವನನ್ನು ನೀರಾನೆ ಎಂದು ಕರೆಯುತ್ತಿದ್ದರು. ಮೈಕಟ್ಟೂ ಹಾಗೆಯೇ ಇತ್ತು, ಬೆಳಗಿನಿಂದ ಮಧ್ಯಾಹ್ನದವರೆಗೆ ಮೊಣಕಾಲವರೆಗಿನ ರಬ್ಬರ್ ಬೂಟು ಹಾಕಿಕೊಂಡು ನೀರಿನಲ್ಲೇ ನಿಂತಿರುತ್ತಿದ್ದ. ಇಪ್ಪತ್ತೊಂಬತ್ತು ವರ್ಷ ಅದೇ ಕೆಲಸ. ಒಂದರ ಹಿಂದೆ ಒಂದು ಬಸ್ಸು ಬರುತ್ತಿತ್ತು, ಇವನು ನೀರಿನ ಗನ್ ಎತ್ತಿ ಮೇಲಿನಿಂದ ಕೆಳಗೆ ನೀರು ಬಾರಿಸುತ್ತಿದ್ದ, ಡ್ರೈವರ್ ಹಾರ್ನ್ ಹೊಡೆದು ಮುಂದಕ್ಕೆ ಹೋಗುತ್ತಿದ್ದ, ಮತ್ತೊಂದು ಬರುತ್ತಿತ್ತು. ತಗಡಿನ ಷೆಡ್ಡಿನೊಳಗೆ ಪಂಪು ಎಂಟು ಗಂಟೆ ಹೊತ್ತು ಬಿಡದೆ ಗುಂಯ್‌ಗುಡುತ್ತಿತ್ತು. ಬಲಗೈ ಭುಜ ಹೋಗಿ ನಾಲ್ಕು ವರ್ಷವಾಗಿತ್ತು. ಕಿವಿ ಹೋಗಿದ್ದು ಯಾವಾಗ ಎಂದು ಅವನಿಗೇ ಸರಿಯಾಗಿ ಗೊತ್ತಿಲ್ಲ.

ಭುಜದ ವಿಷಯ ಊರಿಗೆಲ್ಲ ಹೇಳಿಕೊಂಡಿದ್ದ. ಕಿವಿಯ ವಿಷಯ ಯಾರ ಹತ್ತಿರವೂ ಉಸಿರೆತ್ತಿರಲಿಲ್ಲ. ಎದುರಿಗೆ ನಿಂತು ಗಟ್ಟಿಯಾಗಿ ಮಾತಾಡಿದರೆ ಅರ್ಧ ಕೇಳಿಸುತ್ತಿತ್ತು, ಇನ್ನರ್ಧವನ್ನು ಮುಖ ನೋಡಿ ಊಹಿಸಿ 'ಹೂಂ' ಎನ್ನುತ್ತಿದ್ದ. ಡಿಪೋದಲ್ಲಿ ಎಲ್ಲರೂ ಅರಚಿಕೊಂಡೇ ಮಾತಾಡುವವರು, ಅರ್ಧ ಜನ ಇವನ ಹಾಗೆಯೇ, ಆದ್ದರಿಂದ ಯಾರಿಗೂ ಸುಳಿವು ಸಿಕ್ಕಿರಲಿಲ್ಲ. ಹೇಳಿಕೊಂಡರೆ ಏನಾಗುತ್ತಿತ್ತು ಎಂದು ನೀವು ಕೇಳಬಹುದು. ಇವನ ಅಪ್ಪನಿಗೆ ಕೊನೆಗಾಲದಲ್ಲಿ ಕಿವಿ ಕೇಳಿಸುತ್ತಿರಲಿಲ್ಲ. ಮನೆಯವರೆಲ್ಲ ಆ ಮುದುಕನ ಎದುರಿಗೇ ಅವನ ಬಗ್ಗೆ ಬಾಯಿಗೆ ಬಂದಂತೆ ಮಾತಾಡಿ ನಗುತ್ತಿದ್ದರು. ಇವನೂ ನಕ್ಕಿದ್ದ. ಹೇಳಿಕೊಳ್ಳಲು ನಾಲಿಗೆ ಏಳದಿದ್ದುದಕ್ಕೆ ಅದೇ ಕಾರಣ.

ಅವರ ಮನೆ ಮಹಡಿಯ ಮೇಲೆ, ಎರಡು ಕೋಣೆ. ಕೆಳಗಿನದು ಯಾರದೋ ಗೋದಾಮು, ಸದಾ ಬೀಗ. ಹತ್ತಿ ಇಳಿಯಲು ಹೊರಗಿನಿಂದ ಸಿಮೆಂಟಿನ ಮೆಟ್ಟಿಲು. ನೀರಿನ ತೊಟ್ಟಿ ತುಂಬಿದಾಗಲೆಲ್ಲ ಗೋಡೆಗುಂಟ ನೀರಿಳಿದು ಮೆಟ್ಟಿಲಿಗೆಲ್ಲ ಹಸಿರು ಪಾಚಿ ಕಟ್ಟಿತ್ತು. ಹೆಂಡತಿ ಮನೆಯಲ್ಲೇ ಹೊಲಿಗೆ ಮಿಷನ್ ಇಟ್ಟುಕೊಂಡು ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು. ಐದು ತಿಂಗಳ ಹಿಂದೆ ಒಂದು ಮಧ್ಯಾಹ್ನ, ಹೊಲಿದ ಅಂಗಿಗಳ ಗಂಟು ಹೊತ್ತು ಇಳಿಯುವಾಗ ಒಂಬತ್ತನೇ ಮೆಟ್ಟಿಲಲ್ಲಿ ಜಾರಿದಳು. ಕೆಳಗೆ ಬಿದ್ದಲ್ಲಿಂದ ಗಂಡನನ್ನು ಕೂಗಿದಳು. ಅರ್ಧ ಗಂಟೆ ಕೂಗಿದಳು, ಎದುರುಮನೆಯವರೂ ಅವತ್ತು ಊರಲ್ಲಿರಲಿಲ್ಲ. ಕೊನೆಗೆ ಗ್ಯಾಸ್ ಸಿಲಿಂಡರ್ ತಂದವನು ನೋಡಿ, ಮೇಲೆ ಓಡಿ ಇವನನ್ನು ಕರೆತಂದ.

"ಕೂಗಿದ್ದು ಕೇಳಿಸ್ಲಿಲ್ವಾ?" ಎಂದು ಆಸ್ಪತ್ರೆಯಲ್ಲಿ ಕೇಳಿದಳು.

"ನಿದ್ದೆ ಹತ್ತಿಬಿಟ್ಟಿತ್ತು" ಎಂದ.

ಅದು ಅವನ ಬಾಯಿಗೆ ಮೊದಲು ಬಂದ ಸುಳ್ಳು. ಎರಡೇ ದಿನದಲ್ಲಿ ಸಿಲಿಂಡರಿನವನು ಯೋಗಕ್ಷೇಮ ವಿಚಾರಿಸಲು ಬಂದು, "ಸಾರ್ ಪಾಪ ಪೇಪರ್ ಓದ್ತಾ ಕೂತಿದ್ರು, ನಾನು ಹೇಳಿದ್ದೇ ತಡ, ಬಿದ್ದೂ ಎದ್ದೂ ಓಡಿ ಬಂದ್ರು" ಎಂದು ಹೊಗಳಿ ಹೋದ. ಹೆಂಡತಿ ಗಂಡನ ಮುಖವನ್ನೇ ನೋಡಿದಳು. ಆಸ್ಪತ್ರೆಯಿಂದ ನೇರವಾಗಿ ಅಕ್ಕನ ಮನೆಗೆ ಹೋದಳು.

ಅಕ್ಕನ ಮನೆ ನೆಲಮಟ್ಟದ್ದು, ಮೆಟ್ಟಿಲಿನ ರಗಳೆಯಿಲ್ಲ. ಇವನು ವಾರಕ್ಕೊಮ್ಮೆ ಹಣ್ಣಿನ ಚೀಲ ಹಿಡಿದು ಹೋಗಿ, ಕುರ್ಚಿಯ ತುದಿಯಲ್ಲಿ ಕೂತು, ಎಲ್ಲದಕ್ಕೂ ಹೂಂಗುಟ್ಟಿ ಬರುತ್ತಿದ್ದ. ಕೋಲೂರಿ ನಡೆಯುವಂತಾದ ಮೇಲೂ ಅವಳು ವಾಪಸಾಗುವ ಮಾತೆತ್ತಲಿಲ್ಲ. ಕೇಳಿದರೆ "ಪಾಚಿ ಹೋಗ್ಲಿ, ಬರ್ತೀನಿ" ಎನ್ನುತ್ತಿದ್ದಳು. ಕಳೆದ ವಾರ ಅಕ್ಕನೇ ಎದುರಿಗೆ ಬಂದು ನಿಂತು, ಬಾಯಿಬಿಟ್ಟು ಹೇಳಿದಳು.

"ನೋಡಪ್ಪ, ನಮ್ಮ ಹಿಂದಿನ ರೂಮು ಖಾಲಿ ಇದೆ. ಸೋಮವಾರ ವ್ಯಾನ್ ಹೇಳಿದ್ದೀವಿ. ಅವಳ ಹೊಲಿಗೆ ಮಿಷನ್ ಇಲ್ಲಿಗೇ ತಂದುಬಿಡ್ತೀವಿ. ಸುಮ್ನೆ ಅಲ್ಲಿ ಇಲ್ಲಿ ಅಂತ ಎಷ್ಟು ದಿನ?"

ಇದನ್ನು ಅವನು ಪೂರ್ತಿ ಕೇಳಿಸಿಕೊಂಡ. ಮಿಷನ್ ಮೆಟ್ಟಿಲಿಳಿದರೆ ಅವಳು ಮತ್ತೆ ಮೆಟ್ಟಿಲು ಹತ್ತುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

"ಭಾನುವಾರ ಬಂದು ನೋಡು. ಮೆಟ್ಟಿಲು ಕನ್ನಡಿ ಥರ ಇರುತ್ತೆ" ಎಂದ ಹೆಂಡತಿಗೆ.

ಅಕ್ಕನ ಗಂಡ, ಅಂದರೆ ಇವನ ಷಡ್ಡಕ, ಒಳಗಿನಿಂದ ನಗುತ್ತ ಬಂದ. ಅವನ ಹತ್ತಿರ ರಭಸವಾಗಿ ನೀರು ಚಿಮ್ಮಿಸಿ ತೊಳೆಯುವ ಸ್ವಂತದ್ದೊಂದು ಪ್ರೆಷರ್ ವಾಷರ್ ಇತ್ತು. ಹಳದಿ ಬಣ್ಣದ್ದು. ಹೋದವರಿಗೆಲ್ಲ ಅದನ್ನು ತೋರಿಸದೆ ಚಹಾ ಕೊಡುತ್ತಿರಲಿಲ್ಲ. "ಬೇಕಾದ್ರೆ ನಮ್ದು ತಗೊಂಡು ಹೋಗಪ್ಪಾ, ನಿಂಗೆ ಉಪಯೋಗಿಸೋಕೆ ಬರುತ್ತಲ್ವಾ?" ಎಂದು ಕಾಲೆಳೆದ. ಇಪ್ಪತ್ತೊಂಬತ್ತು ವರ್ಷ ಗನ್ ಹಿಡಿದವನಿಗೆ ಕೇಳುವ ಪ್ರಶ್ನೆಯೇ ಅದು? ನೀರಾನೆ ಹಲ್ಲು ಕಚ್ಚಿಕೊಂಡು, ಬೇಡ, ನಾನೇ ನೋಡ್ಕೋತೀನಿ ಎಂದ. ಬ್ರಷ್ಷು ಹಿಡಿದು ಉಜ್ಜಲು ಭುಜ ಒಪ್ಪುವುದಿಲ್ಲ. ಡಿಪೋದ ಯಂತ್ರ ಗೋಡೆಗೆ ಬಿಗಿದದ್ದು.

ಹೀಗಾಗಿ ಭಾನುವಾರ ಬೆಳಿಗ್ಗೆ ಅಂಥದೇ ಒಂದು ಯಂತ್ರ ತರಲು ಸಲಕರಣೆ ಬಾಡಿಗೆಗೆ ಕೊಡುವ ಅಂಗಡಿಗೆ ಹೋದ. ಏಣಿ, ಡ್ರಿಲ್ಲು, ಹುಲ್ಲು ಕತ್ತರಿಸುವ ಯಂತ್ರಗಳ ನಡುವೆ ಕೂತಿದ್ದ ಅಂಗಡಿಯಾಕೆ ಎದ್ದು ಬಂದಳು.

"ಒಂದು ದಿನದ ಬಾಡಿಗೆ ಯಾಕಣ್ಣ ದಂಡ? ಇದನ್ನೇ ತಗೊಂಡುಬಿಡಿ. ಹಗುರ ಇದೆ, ಚಕ್ರ ಇದೆ. ಇವತ್ತು ಮೆಟ್ಟಿಲು, ನಾಳೆ ಕಿಟಕಿ, ನಾಡಿದ್ದು ಗೋಡೆ. ಮನೇಲಿ ಒಂದಿದ್ರೆ ದಿನಾ ಏನಾದ್ರೂ ತೊಳೀಬಹುದು."

ದಿನಾ ಏನಾದರೂ ತೊಳೆಯಬಹುದು ಎಂಬ ಮಾತಿಗೆ ಅವನ ಮೈಯೆಲ್ಲ ಸೋತುಹೋಯಿತು. ಕೆಲಸ ಮುಗಿಸಿ ಮನೆಗೆ ಬಂದರೆ ಮಂಚದ ಪಕ್ಕದಲ್ಲಿ ಅದೇ ಕೆಲಸ ಕಾಯುತ್ತ ನಿಂತಿರುವ ಚಿತ್ರ ಕಣ್ಣೆದುರು ಬಂತು.

"ಬೇಡಮ್ಮ. ಸಾಯಂಕಾಲ ತಂದು ಒಪ್ಪಿಸಿಬಿಡ್ತೀನಿ" ಎಂದ. ಅವಳು ಬಗ್ಗಿ ಪೈಪು ಸುತ್ತುತ್ತ ಏನೇನೋ ವಿವರಿಸಿದಳು. ಇವನು ಅವಳ ಬೆನ್ನಿಗೆ ಹೂಂಗುಟ್ಟಿದ.

ಯಂತ್ರ ಆಟಿಕೆಯಷ್ಟೇ ಇತ್ತು. ಆದರೂ ಕೆಲಸ ಮಾಡಿತು, ಅಥವಾ ಅವನು ಮಾಡಿಸಿದ. ಹದಿನೇಳನೇ ಮೆಟ್ಟಿಲಿನಿಂದ ಶುರು ಮಾಡಿ, ಡಿಪೋದ ಕಾನೂನಿನಂತೆ ಮೇಲಿನಿಂದ ಕೆಳಕ್ಕೆ ಬಂದ. ಮೂಲೆಗೆ ಗನ್ನನ್ನು ಓರೆ ಹಿಡಿದ, ಅಂಚಿಗೆ ಹತ್ತಿರ ಹಿಡಿದ, ಪಾಚಿ ಚರ್ಮ ಸುಲಿದಂತೆ ಏಳುತ್ತ ಬಂತು. ಹಸಿರು ನೀರು ಚರಂಡಿಗೆ ಹರಿಯಿತು. ಪ್ರತಿ ಮೂರು ಮೆಟ್ಟಿಲಿಗೊಮ್ಮೆ ಭುಜ ನೋಯುತ್ತಿತ್ತು. ಆಗ ಕೂತು, ಮೊಣಕೈಯನ್ನು ಎದೆಗೆ ಒತ್ತಿಕೊಂಡು, ಬೀದಿ ನೋಡುತ್ತಿದ್ದ. ವಾರಕ್ಕೆ ಸಿಗುವ ಒಂದೇ ರಜೆ, ಅದೂ ನೀರಿನಲ್ಲೇ ಹೋಯಿತು. ಇಷ್ಟೆಲ್ಲ ಮಾಡಿದರೂ ಅವಳು ಬರುತ್ತಾಳೆ ಎಂಬ ಭರವಸೆ ಅವನಿಗಿರಲಿಲ್ಲ. ಪಾಚಿ ಬರೀ ನೆಪ ಎಂದು ಅವನಿಗೂ ಗೊತ್ತಿತ್ತು. ಆದರೆ ಅವನ ಕೈಯಲ್ಲಾಗುವುದು ತೊಳೆಯುವುದೊಂದೇ.

ಮೂರೂಮುಕ್ಕಾಲಿಗೆ ಕೊನೆಯ ಮೆಟ್ಟಿಲು ಮುಗಿಯಿತು. ಯಂತ್ರ ಆರಿಸಿ ಕೆಳಗೆ ನಿಂತು ನೋಡಿದ. ಬೂದು ಸಿಮೆಂಟು ಫಳಫಳ ಹೊಳೆಯುತ್ತಿತ್ತು. ಅಂಗಿ ಬದಲಾಯಿಸಿಕೊಂಡು ಬರುವಷ್ಟರಲ್ಲಿ ಷಡ್ಡಕನ ಕಾರು ಬಂದು ನಿಂತಿತು.

ಅಕ್ಕ ಇಳಿದಳು, ಷಡ್ಡಕ ಇಳಿದ, ಹೆಂಡತಿ ಕೋಲು ಮುಂದಿಟ್ಟು ನಿಧಾನವಾಗಿ ಇಳಿದಳು. ಮೆಟ್ಟಿಲನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. ಮುಖ ಸ್ವಲ್ಪ ಸಡಿಲವಾದಂತೆ ಅವನಿಗನ್ನಿಸಿತು. ಮೊದಲ ಮೆಟ್ಟಿಲ ಮೇಲೆ ಕೋಲೂರಿದಳು. ಕೋಲಿನ ತುದಿ ಸರ್ರನೆ ಒಂದು ಗೇಣು ಜಾರಿತು. ಅಕ್ಕ ಕಿಟಾರನೆ ಕಿರುಚಿ ಅವಳ ತೋಳು ಹಿಡಿದುಕೊಂಡಳು.

"ಒರೆಸೋದಲ್ವೇನಪ್ಪಾ? ಹಸೀಗೆ ಹಸಿ ಬಿಟ್ಟಿದ್ದೀಯಲ್ಲ!" ಎಂದ ಷಡ್ಡಕ.

ಮೆಟ್ಟಿಲ ಮೇಲೆ ನೀರು ಹಾಗೇ ನಿಂತಿತ್ತು, ನೀರಿನಡಿಯಲ್ಲಿ ಮೇಲಿನಿಂದ ಇಳಿದ ಪಾಚಿಯ ನುಣ್ಣನೆಯ ಪದರ. ಒರೆಸಬೇಕೆಂಬುದು ನೀರಾನೆಗೆ ಹೊಳೆದೇ ಇರಲಿಲ್ಲ. ಇಪ್ಪತ್ತೊಂಬತ್ತು ವರ್ಷದಲ್ಲಿ ಅವನು ತೊಳೆದದ್ದನ್ನು ಒಮ್ಮೆಯೂ ಒರೆಸಿರಲಿಲ್ಲ. ಬಸ್ಸು ತೊಳೆದ ಕೂಡಲೇ ಗೇಟು ದಾಟಿ ಓಡುತ್ತದೆ, ಮುಂದಿನ ನಿಲ್ದಾಣಕ್ಕೆ ಹೋಗುವಷ್ಟರಲ್ಲಿ ಗಾಳಿಯೇ ಒಣಗಿಸುತ್ತದೆ. ಮೆಟ್ಟಿಲು ಎಲ್ಲಿಗೆ ಓಡಬೇಕು?

"ಒಂದೇ ನಿಮಿಷ, ಒಂದೇ ನಿಮಿಷ" ಎನ್ನುತ್ತ ಗೋಡೆ ಹಿಡಿದು ಮೇಲೆ ಹತ್ತಿದ. ಸಿಕ್ಕಿದ ಟವೆಲು, ಹಳೇ ಬೆಡ್‌ಶೀಟು ಎಲ್ಲ ಬಾಚಿ ತಂದ. ಹದಿನೇಳನೇ ಮೆಟ್ಟಿಲಿಗೆ ಮಂಡಿಯೂರಿ, ಬೀದಿಗೆ ಬೆನ್ನು ಮಾಡಿ, ಎಡಗೈಯಲ್ಲಿ ಒರೆಸತೊಡಗಿದ. ಒಂದು ಮೆಟ್ಟಿಲು ಒರೆಸುವುದು, ಹಿಂಡುವುದು, ಹಿಮ್ಮುಖವಾಗಿ ಒಂದು ಮೆಟ್ಟಿಲಿಳಿಯುವುದು. ಬೆನ್ನ ಹಿಂದೆ ಎಂದಿನಂತೆ ನಿಶ್ಶಬ್ದ. ಅಳು ಬರುವಷ್ಟು ಸುಸ್ತಾಗಿತ್ತು, ಆದರೆ ಷಡ್ಡಕನ ಎದುರಿಗೆ ಅಳಲಾರ. ಹತ್ತನೇ ಮೆಟ್ಟಿಲಿಗೆ ಬಂದು ಬಟ್ಟೆ ಹಿಂಡಲು ಪಕ್ಕಕ್ಕೆ ತಿರುಗಿದಾಗ ಕೆಳಗೆ ಕಣ್ಣು ಹೋಯಿತು.

ಮೂವರೂ ಅವನನ್ನೇ ನೋಡುತ್ತಿದ್ದರು. ಎದುರುಮನೆಯವಳೂ ಬಾಲ್ಕನಿಗೆ ಬಂದು ನಿಂತಿದ್ದಳು. ಹೆಂಡತಿಯ ಬಾಯಿ ಆಡುತ್ತಿತ್ತು.

"ಏನು?" ಎಂದ.

ಅವಳು ಒಂದೊಂದೇ ಮಾತನ್ನು ಬಿಡಿಸಿ, ಗಟ್ಟಿಯಾಗಿ ಕೇಳಿದಳು. "ಎಷ್ಟು ಸಲ ಕರೆದೆ ಗೊತ್ತಾ ನಿಮ್ಮನ್ನ?"

"ಯಾವಾಗ?"

"ಈಗ. ಆರು ಸಲ. ಸಾಕು, ಭುಜ ನೋಯುತ್ತೆ, ಸ್ವಲ್ಪ ಕೂತ್ಕೊಳ್ಳಿ ಅಂತ. ಎದುರುಮನೆಯವರು ಈಚೆ ಬಂದ್ರು. ನೀವು ತಿರುಗ್ಲಿಲ್ಲ."

ಸುಳ್ಳು ನಾಲಿಗೆಯ ತುದಿಯಲ್ಲೇ ಸಿದ್ಧವಾಗಿತ್ತು. ಏನೋ ಯೋಚನೆಯಲ್ಲಿದ್ದೆ ಎಂದರೆ ಮುಗಿಯುತ್ತಿತ್ತು. ಷಡ್ಡಕ ನಿಂತಿದ್ದ, ಹೆಂಡತಿಯ ಅಕ್ಕ ನಿಂತಿದ್ದಳು, ನಾಳೆ ಇಡೀ ಬೀದಿಗೆ ಗೊತ್ತಾಗುತ್ತಿತ್ತು. ಆದರೆ ಇನ್ನೊಂದು ಸುಳ್ಳನ್ನು ಹೊತ್ತುಕೊಂಡು ತಿರುಗಲು ಅವನ ಮೈಯಲ್ಲಿ ತ್ರಾಣ ಉಳಿದಿರಲಿಲ್ಲ.

"ಕೇಳಿಸ್ಲಿಲ್ಲ ಕಣೇ" ಎಂದ. "ಆವತ್ತೂ ಕೇಳಿಸ್ಲಿಲ್ಲ. ನಿದ್ದೆ ಅಲ್ಲ, ಪೇಪರ್ ಓದ್ತಿದ್ದೆ, ನಿಜ. ಆದ್ರೆ ಕೇಳಿಸ್ಲಿಲ್ಲ. ನಂಗೆ ಕಿವಿ ಕೇಳಿಸದೆ ಎಷ್ಟೋ ವರ್ಷ ಆಯ್ತು."

ಷಡ್ಡಕ ನಗಲಿಲ್ಲ. ಕಾರಿನ ಕಡೆ ತಿರುಗಿ ಇಲ್ಲದ ಕೊಳೆಯನ್ನು ಬೆರಳಿನಿಂದ ಕೆರೆದ. ಹೆಂಡತಿ ಕೋಲಿನ ಮೇಲೆ ಎರಡೂ ಕೈ ಊರಿ ನಿಂತಳು. ಕಣ್ಣಲ್ಲಿ ನೀರು ತುಂಬಿತ್ತು, ಕೋಪವೂ ತುಂಬಿತ್ತು.

"ಐದು ತಿಂಗಳು ನಾನು ಏನಂದ್ಕೊಂಡಿದ್ದೆ ಗೊತ್ತಾ? ನಾನು ಬಿದ್ದು ಕೂಗ್ತಿದ್ರೆ, ನೀವು ಕೇಳಿಸ್ಕೊಂಡು ಪುಟ ತಿರುಗಿಸಿದ್ರಿ ಅಂತ."

ಇದು ಅವನಿಗೆ ಒಂದಕ್ಷರ ಬಿಡದೆ ಕೇಳಿಸಿತು. ಮತ್ತೆ ಮಂಡಿಯೂರಿ ಉಳಿದ ಮೆಟ್ಟಿಲುಗಳನ್ನು ಒರೆಸಿದ. ಅರ್ಧಕ್ಕೆ ಬಂದಾಗ ಷಡ್ಡಕ ಪ್ಯಾಂಟು ಮಡಚಿಕೊಂಡು ಇನ್ನೊಂದು ಟವೆಲ್ ತೆಗೆದುಕೊಂಡು ಕೆಳಗಿನಿಂದ ಶುರು ಮಾಡಿದ. ಮೂರನೇ ಮೆಟ್ಟಿಲಲ್ಲಿ ಇಬ್ಬರೂ ಎದುರುಬದುರಾದರು.

ಮೆಟ್ಟಿಲು ಒಣಗಿದ ಮೇಲೆ ಹೆಂಡತಿ ಅಕ್ಕನ ಕೈಯಿಂದ ತೋಳು ಬಿಡಿಸಿಕೊಂಡಳು. "ವ್ಯಾನಿನವನಿಗೆ ಬರೋದು ಬೇಡ ಅಂತ ಹೇಳು ಅಕ್ಕ" ಎಂದು, ಗಂಡನ ಎಡಭುಜದ ಮೇಲೆ ಕೈಯಿಟ್ಟು ಮೊದಲ ಮೆಟ್ಟಿಲು ಹತ್ತಿದಳು. ಹತ್ತಿದ್ದೇ ಬೈಯಲು ಶುರು ಮಾಡಿದಳು. ಡಾಕ್ಟರ ಹತ್ತಿರ ಹೋಗೋದಕ್ಕೇನಾಗಿತ್ತು ಎಂದು, ಕಟ್ಟಿಕೊಂಡವಳಿಗೂ ಹೇಳಬಾರದಿತ್ತೇ ಎಂದು, ಹೂಂ ಹೂಂ ಅಂತ ಇಷ್ಟು ವರ್ಷ ಯಾವುದಕ್ಕೆ ತಲೆಯಾಡಿಸಿದಿರಿ ಎಂದು, ಮೆಟ್ಟಿಲಿಗೊಂದರಂತೆ, ಅವನ ಕಿವಿಯ ಹತ್ತಿರ ಬಾಯಿಟ್ಟು, ಗಂಟಲು ಹರಿಯುವಂತೆ. ಬೀದಿಗೆಲ್ಲ ಕೇಳಿಸಿತು. ಅವನಿಗೂ ಕೇಳಿಸಿತು.